ಶೆಡ್ಡಿನಲ್ಲಿ ಅಪ್ಪಚ್ಚಿಯಾದ ನಾಲ್ಕು ನಿಂಬೆಹಣ್ಣು

ಆಯುಧಪೂಜೆ, ಬೆಳಿಗ್ಗೆ

ರೀ,

ಕಾರು ಕಳುವಾಗಿಲ್ಲ, ಸ್ಟೇಷನ್ನಿಗೆ ಓಡಬೇಡಿ. ನಾನೇ ಓಡಿಸ್ಕೊಂಡು ಭದ್ರಾವತಿಗೆ, ಶಾಂಭವಿ ಅಕ್ಕನ ಮನೆಗೆ ಹೋಗ್ತಿದ್ದೀನಿ. ಚಕ್ರದಡಿ ನೀವಿಟ್ಟಿದ್ದ ನಾಲ್ಕೂ ನಿಂಬೆಹಣ್ಣು ನಾನೇ ಹತ್ತಿಸಿ ಅಪ್ಪಚ್ಚಿ ಮಾಡಿದೀನಿ, ಶೆಡ್ಡು ಗುಡಿಸಿ. ಗಾಂಧಿ ಬಜಾರಿಂದ ಕಾರಿಗೆ ತರೋ ಹಾರ ದೇವರಿಗೆ ಹಾಕಿ.

ಆರು ವರ್ಷ ಆ ಹಳೇ ಫಿಯೆಟ್ ರಿಪೇರಿ ಮಾಡ್ತಾ ಕೂತ್ರಿ, ನಾನು ತುಟಿ ಬಿಚ್ಚಲಿಲ್ಲ. ಆದ್ರೆ ಅದರ ಬಾನೆಟ್ ಒರೆಸೋಕೆ ನನ್ನ ಧಾರೆ ಸೀರೆ ಹರಿದು, "ಹಳೇದಲ್ವಾ ಮಾರಾಯ್ತಿ" ಅಂದ್ರಲ್ಲ, ಅದರ ಮಾರನೇ ದಿನವೇ ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಲೈಸೆನ್ಸೂ ಬಂದಿದೆ.

ಅನ್ನ, ಸಾರು ಒಲೆ ಮೇಲಿದೆ. ಹೋಳಿಗೆ ನನ್ನ ಜೊತೆ ಕಾರಲ್ಲಿದೆ.

ದಾರೀಲಿ ಧೂಳು ಜಾಸ್ತಿ. ಒರೆಸೋಕೆ ಬೀರುವಿಂದ ನಿಮ್ಮ ಮದುವೆ ಜರಿಪಂಚೆ ತಗೊಂಡಿದ್ದೀನಿ. ಅದೂ ಹಳೇದೇ ಅಲ್ವಾ?

ನೀಲಾ