ಕೊಡಗಳ ಹಿಂದಿನ ರೌಟರ್

ರೀ,

ಹೊಸಾ ರೌಟರ್ ತರಾಕ ಗದಗಿಗೆ ಹೋಗಬ್ಯಾಡ್ರಿ. ಅಂಗಡಿಯಾಂವ ಹೊಸಾದು ತಗೋರಿ ಅನ್ನದ ಮತ್ತೇನಂತಾನ? ನಾನು ಎಂಟರ ಬಸ್ಸಿಗೆ ಸೂಡಿ ಸಾಲಿಗೆ ಹೊಂಟೇನಿ. ಎದುರಿಗೆ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರದಿಟ್ಟೇನಿ.

ನಮ್ಮ ರೌಟರ್‌ಗೆ ಏನೂ ಆಗಿಲ್ಲ. ಧೂಳ ಕೂಡ್ತೈತಿ ಅಂತ ನೆವ ಹೇಳಿ ಸೋಮವಾರ ಅದನ್ನ ಸ್ಟೀಲಿನ ಕೊಡಗಳ ಹಿಂದ ಸರಿಸಿದಾಕಿ ನಾನೇ. ಅಲ್ಲಿಂದ ಸಿಗ್ನಲ್ ನೆಟ್ಟಗ ಬರಂಗಿಲ್ಲ. ನಿನ್ನೆ ವೈರ್ ಹಚ್ಚಿ ನೋಡೂಣು ಅಂದ್ರಿ. ಕಳದೈತಿ ಅಂತ ಸುಳ್ಳು ಹೇಳಿದೆ, ಆ ವೈರ್ ನಾನೇ ಜೋಳದ ಹಿಟ್ಟಿನ ಡಬ್ಬಿಯೊಳಗ ಮುಚ್ಚಿಟ್ಟೇನಿ. ಅದನ್ನ ಹಚ್ಚಿದ್ರ ನೆಟ್ ಚಲೋ ಓಡ್ತಿತ್ತು, ನನ್ನ ಕುತ್ತಗಿ ಗಂಟಿನ ರಿಪೋರ್ಟೂ ತೆರೀತಿತ್ತು.

ಹುಬ್ಬಳ್ಳಿ ಲ್ಯಾಬಿನವರ ಮೇಲ್ ಬಂದು ನಾಕ ದಿನ ಆತು. ರಿಪೋರ್ಟ್ ಡೌನ್‌ಲೋಡ್ ಅರ್ಧಕ್ಕ ನಿಂತಾಗೊಮ್ಮೆ ನೀವು ನೆಟ್ಟಿಗೆ ಬೈತಿದ್ರಿ, ನನಗ ಹೋದ ಜೀವ ಬಂದಂಗ ಆಗ್ತಿತ್ತು.

ಇವತ್ತ ಕೊಡ ಸರಿಸಿ ರೌಟರ್ ಹೊರಗಿಡ್ರಿ. ರಿಪೋರ್ಟ್ ನೀವೊಬ್ರೇ ಓದ್ರಿ. ಅತ್ತಿಯವರಿಗೆ ಈಗ ಏನೂ ಹೇಳಬ್ಯಾಡ್ರಿ, ಅವರ ಬಿ.ಪಿ. ಗುಳಿಗಿ ಮಾತ್ರ ಊಟಾದ ಮ್ಯಾಲೆ ಮರೀದ ಕೊಡ್ರಿ. ರೊಟ್ಟಿ ಬುಟ್ಟ್ಯಾಗ ಅದಾವು. ಸಾಲಿಗೆ ಫೋನ್ ಮಾಡಬ್ಯಾಡ್ರಿ, ಹುಡುಗ್ರ ಮುಂದ ನನಗ ನಿಲ್ಲಾಕ ಆಗಂಗಿಲ್ಲ.

ಸಂಜಿಕ ಬಸ್‌ಸ್ಟ್ಯಾಂಡಿಗೆ ಬರ್ರಿ. ರಿಪೋರ್ಟಿನ್ಯಾಗ ಏನೇ ಇರ್ಲಿ, ಹಿಂಗ ಮಾಡಿದ್ದಕ್ಕ ಅಲ್ಲೇ ನಿಂತು ನನಗ ಜೋರಾಗಿ ಬೈರಿ. ನೀವು ಮೆತ್ತಗ ಮಾತಾಡಿದ್ರ ನಾ ಬಸ್ಸಿನಿಂದ ಇಳಿಯಂಗಿಲ್ಲ.

ಅನ್ನಪೂರ್ಣಾ