ಹಾಲು ಒಡೆಯದ ಲಿಂಬೆ

ಇಂಡಿ ಸೀಮೆ
ಫೆಬ್ರವರಿ ಮೂವತ್ತು, ೨೨೧೪

ನನ್ನ ಮುತ್ತಜ್ಜನ ಮುತ್ತಜ್ಜ ಚನಮಲ್ಲಪ್ಪನವರಿಗೆ ದಾನಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನೀವು ತೋಟಕ್ಕೆ ಹೊಡೆದ ಔಷಧಿಗೆ ನಾವು ‘ಸಪ್ಪೆಮಂಜು’ ಎನ್ನುತ್ತೇವೆ. ಹುಳ ಸಾಯಲೆಂದು ಹೊಡೆದಿರಿ, ಸರಿ. ಹುಳದ ಜೊತೆ ಹಣ್ಣಿನ ಹುಳಿಯೂ ಇಳಿಯಿತು. ಕಿತ್ತಳೆ ಬೇಗ ಸಿಹಿಯಾಯಿತೆಂದು ಖುಷಿಪಟ್ಟು ಇನ್ನೊಂದು ಸುತ್ತು ಹೊಡೆದಿರಿ. ಲಿಂಬೆಗೂ ಅದನ್ನೇ ಹೊಡೆದಿರಲ್ಲ, ಲಿಂಬೆ ಸಿಹಿಯಾಗಿ ಯಾರಿಗೆ ಏನಾಗಬೇಕಿತ್ತು ಮಹರಾಯರೇ? ಈಗ ಔಷಧಿ ಮಣ್ಣಲ್ಲೇ ಕೂತಿದೆ. ನಮ್ಮ ಲಿಂಬೆ ನೋಡಲು ಬಂಗಾರ, ಹಿಂಡಿದರೆ ನೀರು. ಉಪ್ಪಿನಕಾಯಿ ಹಾಕಿದರೆ ವಾರದೊಳಗೆ ಬೂಸ್ಟು ಹಿಡಿಯುತ್ತದೆ.

ಮಗಳು ಮಹಾದೇವಿ ಬಸುರಿ. ತಿಂಗಳು ಏಳಾದರೂ ತಿಂದದ್ದೆಲ್ಲ ವಾಂತಿ. ಹುಣಸೆ ಕೊಟ್ಟೆ, ಅದೂ ನಿಲ್ಲಲಿಲ್ಲ. ಬಸುರಿ ಬಾಯಿಗೆ ಲಿಂಬೆ ಹೋಳೇ ಆಗಬೇಕೆಂದು ನನ್ನವ್ವ ಹೇಳುತ್ತಿದ್ದಳು. ಅದಕ್ಕೇ ಹಿತ್ತಲ ಗಿಡಕ್ಕೆ ಹಳೇ ಇಳಕಲ್ ಸೀರೆ ಸುತ್ತಿ, ಅಕ್ಕಪಕ್ಕದವರು ಈಗಲೂ ಹೊಡೆಯುವ ಸಪ್ಪೆಮಂಜು ತಾಗದ ಹಾಗೆ ಕಾದೆ. ಕುಬಸದ ದಿನ ಬಯಕೆಯೂಟಕ್ಕೆ ಮೊದಲು ಒಂದು ಹಣ್ಣು ಕೊಯ್ದು, ಪರೀಕ್ಷೆಗೆಂದು ಬಿಸಿ ಹಾಲಿಗೆ ಹಿಂಡಿದೆ. ಹಾಲು ಒಡೆಯಲಿಲ್ಲ. ಬೀಗರು ನಕ್ಕರು. ನಮ್ಮಲ್ಲಿ ವ್ಯರ್ಥ ಕೆಲಸಕ್ಕೆ ‘ಹಾಲಿಗೆ ಹುಳಿ ಹಿಂಡುವುದು’ ಎನ್ನುತ್ತಾರೆ. ನಿಮ್ಮ ಕಾಲದಲ್ಲಿ ಅದು ಮನೆ ಕೆಡಿಸುವವರಿಗೆ ಆಡುವ ಮಾತಾಗಿತ್ತಂತೆ. ಆ ಹಾಲು ಕೆಡಲಿ ಎಂದು ನಾನು ಎಷ್ಟು ಬೇಡಿಕೊಂಡೆ ಗೊತ್ತೇ?

“ಲಿಂಬಿ ಹುಳಿ ಅಂದ್ರ ಹ್ಯಾಂಗಿರ್ತದವ್ವಾ?” ಎಂದು ಮಹಾದೇವಿ ಕೇಳಿದಳು.

ನನಗೇನು ಗೊತ್ತು? ಅವ್ವ ಮಾಡಿ ತೋರಿಸುತ್ತಿದ್ದ ಹಾಗೆ ಒಂದು ಕಣ್ಣು ಮುಚ್ಚಿ ಮುಖ ಕಿವುಚಿದೆ. ಅವಳೂ ಹಾಗೇ ಕಿವುಚಿ, ಬರೀ ಬಾಯಿ ಚಪ್ಪರಿಸಿದಳು. ಆಮೇಲೆ ತಟ್ಟೆ ದೂಡಿ ಅತ್ತಳು. ಅಂದೇ ರಾತ್ರಿ ನಿಮಗೆ ಈ ಕಾಗದ ಬರೆಯಲು ಕೂತೆ.

ನಿಮ್ಮ ಹೊಲದ ಪಡುವಣ ಬದುವಿನಾಚೆ, ನಿಮ್ಮ ಕಾಲದಲ್ಲಿ, ಇನ್ನೂ ಔಷಧಿ ಬೀಳದ ನೆಲವಿದೆ. ಅಲ್ಲೊಂದು ಲಿಂಬೆ ನೆಡಿ. ಹುಳ ತಿಂದರೆ ತಿನ್ನಲಿ, ಹಣ್ಣಿಗೆ ಚುಕ್ಕೆ ಬಿದ್ದರೆ ಬೀಳಲಿ, ಪಂಪು ಹೆಗಲಿಗೇರಿಸಿ ಅತ್ತ ಮಾತ್ರ ಹೋಗಬೇಡಿ. ಅದರ ಬೀಜ ಅಲ್ಲೇ ಬಿದ್ದು, ಅಲ್ಲೇ ಹುಟ್ಟಿಕೊಂಡು ನನ್ನ ಕಾಲದವರೆಗೂ ಬರಲಿ. ಮಹಾದೇವಿಗೆ ಇನ್ನೆರಡು ತಿಂಗಳಿದೆ. ನಾಳೆ ಬೆಳಿಗ್ಗೆ ಬುಟ್ಟಿ ಹಿಡಿದು ಆ ಬದುವಿನ ಕಡೆ ಹೋಗಿ ನೋಡುತ್ತೇನೆ.