ಔಷಧಿ ಹಿಡಿಯಿತಮ್ಮಾ

ಅಮ್ಮಾ,

ನನ್ನ ಅಕ್ಷರ ಇನ್ನೂ ಕೋಳಿಕಾಲೇ, ಒತ್ತುಗಳೂ ತಪ್ಪಿರುತ್ತವೆ, ಬೈಯಬೇಡ. ನೀನಿಲ್ಲದಿದ್ದರೂ ಇದನ್ನು ನಿನಗೇ ಮೊದಲು ಹೇಳಬೇಕು.

ನಾನೀಗ ಕ್ಯಾನ್ಸರ್ ಔಷಧಿ ಹುಡುಕುವ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುತ್ತೇನೆ. ಜೀವಕೋಶ ಎರಡಾಗುವಾಗ ಅದರೊಳಗೆ ಸಣ್ಣ ಕೊಳವೆಗಳು ಬೆಳೆದು ಕುಗ್ಗುತ್ತವಂತೆ. ಔಷಧಿ ಅವನ್ನು ಬಿಗಿಯಾಗಿ ಹಿಡಿದರೆ ಅವು ಕುಗ್ಗಲಾರವು, ಕ್ಯಾನ್ಸರ್ ಕೋಶ ಎರಡಾಗಲಾರದೆ ಸಾಯುತ್ತದೆ. ಆದರೆ ನಮ್ಮ ಮೇಡಂ ಮಾಡಿದ ಹೊಸ ಔಷಧಿ ಹಿಡಿಯದೆ ಜಾರುತ್ತಿತ್ತು.

"ಅಣುವಿನ ಒಂದು ಕೈ ಆಚೆ ತಿರುಗಿಬಿಟ್ಟಿದೆ ಕಣೇ, ಮಿಕ್ಕಿದ್ದೆಲ್ಲ ಸರಿ ಇದೆ," ಎಂದರು ಮೇಡಂ.

"ಎಡ ತೋಳನ್ನ ಬಲಕ್ಕೆ ಹೊಲಿದ ಹಾಗಾ?" ಎಂದು ಮೆಲ್ಲಗೆ ಕೇಳಿದೆ.

"ಹೂಂ, ದರ್ಜಿ ಮಗಳೇ! ಬಟ್ಟೆ ಅದೇ, ಅಂಗಿ ಮಾತ್ರ ಕೂರಲ್ಲ."

ಆ ಕೈ ಈಚೆ ತಿರುಗುವಂತೆ ಮತ್ತೆ ಮಾಡಿದರು. ನಿನ್ನೆ ಅದನ್ನು ಈಗಿರುವ ಔಷಧಿಗಳಿಗೆ ಜಗ್ಗದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, "ಹಿಡೀತು! ಹಿಡೀತು ಕಣೇ!" ಎಂದು ಕಿರುಚಿದರು. ಸೋಪಿನ ನೊರೆಗೈಯಲ್ಲೇ ನಾನೂ ಕುಣಿದೆ.

ಆವತ್ತು ನಿನ್ನ ಡಾಕ್ಟರು, "ಔಷಧಿ ಹಿಡೀಲಿಲ್ಲಮ್ಮ," ಎಂದಾಗ ಹಿಡಿಯುವುದೆಂದರೆ ಏನೆಂದು ನಾನು ಕೇಳಲಿಲ್ಲ. ನಿನ್ನೆ ಮೇಡಂ ನನಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದಾಗ ಕಣ್ಣಾರೆ ಕಂಡೆ. ಹಸಿರಾಗಿ ಹೊಳೆಯುವ ದಾರದ ಕಟ್ಟುಗಳಂತೆ ಆ ಕೊಳವೆಗಳು ಒಂದಿಷ್ಟೂ ಕುಗ್ಗದೆ ನಿಂತಿದ್ದವು.

ಇದಿನ್ನೂ ಗಾಜಿನ ತಟ್ಟೆಯಲ್ಲಷ್ಟೇ, ಮನುಷ್ಯರಿಗೆ ಸಿಗಲು ವರ್ಷಗಳೇ ಬೇಕಂತೆ. ಬೇಕಾದರೆ ಬೇಕಾಗಲಿ, ಹಿಡಿದದ್ದಂತೂ ಹಿಡಿದಿದೆ.

ನಿನ್ನ ಕ್ಯಾನ್ಸರ್ ಔಷಧಿಯಿಂದ ಬೆರಳು ಜೋಮು ಹಿಡಿದಿದ್ದಾಗ ನೀನು ತೋಳು ಅದಲುಬದಲಾಗಿ ಹೊಲಿದ ನನ್ನ ಅಂಗಿ ನೆನಪಿದೆಯಾ? ಇವತ್ತು ಬೆಳಿಗ್ಗೆ ಅದರ ಹೊಲಿಗೆ ಬಿಚ್ಚಿ, ಎಡದ್ದನ್ನು ಎಡಕ್ಕೆ ಹೊಲಿದು, ಹಾಕಿಕೊಂಡು ಕೆಲಸಕ್ಕೆ ಬಂದೆ.